ಸೆರಗಿಲ್ಲದ ಸೀರೆ

ಏಳನೆಯ ಸಾಲು ಒಂದೇ ಖಾಲಿ ಉಳಿದಿತ್ತು. ಬೀದಿಯ ನಲವತ್ತೊಂದು ಮನೆಗಳ ಫಾರಂ ತುಂಬಿಸಿ, ನೂಲಿನಲ್ಲಿ ಕಟ್ಟಿ, ಗೋಡೆಯ ಗೂಡಿನಲ್ಲಿ ಇಟ್ಟಾಗಿತ್ತು. ವೆಲ್ಲಿಂಗಿರಿಯ ಸ್ವಂತ ಮನೆಯ ಫಾರಂ ಮಾತ್ರ ಮೂರು ವಾರದಿಂದ ಮಗ್ಗದ ಕಂಬಕ್ಕೆ ಸಿಕ್ಕಿಸಿದ ಹಾಗೇ ಇತ್ತು. ಕೊಯಮತ್ತೂರಿನ ಸಂಘದವರು ನೇಕಾರ ಮನೆತನಗಳ ವಂಶಾವಳಿಯನ್ನು ಪುಸ್ತಕ ಮಾಡಿಸಲು ಹೊರಟು, ಸಿರುಮುಗೈಯ ಈ ಬೀದಿಯಲ್ಲಿ ಅಕ್ಷರ ನೆಟ್ಟಗೆ ಬರೆಯುವವನೆಂದು ಅವನನ್ನು ಹಿಡಿದಿದ್ದರು. ಮನೆಯೊಳಗೆ ಆಡುವುದು ಕನ್ನಡ, ಬರೆಯಲು ಬರುವುದು ತಮಿಳು. ಆಡಿದ್ದನ್ನು ಬರೆಯುವಾಗ ಅರ್ಧ ಉದುರಿಹೋಗುತ್ತದೆಂದು ಈ ಕೆಲಸದಲ್ಲೇ ಅವನಿಗೆ ಗೊತ್ತಾಗಿದ್ದು. ಆದರೂ ಹುರುಪಿನಿಂದ ಮಾಡಿದ್ದ. ಅವರಿವರ ಜಗುಲಿಯಲ್ಲಿ ಕೂತು, ಕೊಟ್ಟ ಕಾಪಿ ಕುಡಿದು, ಸತ್ತವರನ್ನು ಒಬ್ಬೊಬ್ಬರಾಗಿ ಹೊರಗೆಳೆಯುವುದರಲ್ಲಿ ಒಂದು ರುಚಿಯಿತ್ತು. ಮುತ್ತಜ್ಜನ ಹೆಸರಿಗೆ ತಡವರಿಸಿದ ಅಂಗಪ್ಪನ್‌ಗೆ, "ಹೆಸರು ಮರೆತೋಯ್ತು, ಮುತ್ತಜ್ಜನ ಮನೆ ಮಾತ್ರ ನೆಪ್ಪಿತ್ತೇನಪ್ಪಾ?" ಎಂದು ಬೀದಿಗೆಲ್ಲ ಕೇಳುವಂತೆ ನಕ್ಕಿದ್ದ. ಆ ನಗು ಈಗ ತಿರುಗಿ ಬಂದು ಕಂಬಕ್ಕೆ ಸಿಕ್ಕಿಕೊಂಡಿತ್ತು. ಏಳನೆಯ ಸಾಲು ಕೇಳುತ್ತಿದ್ದುದು ಇಷ್ಟೇ: ಐದು ತಲೆಮಾರಿನಲ್ಲಿ ಹುಟ್ಟಿದ ಹೆಣ್ಣುಮಕ್ಕಳು, ಅವರ ಹೆಸರು, ಕೊಟ್ಟ ಊರು.

ಒಬ್ಬಳ ಹೆಸರು ಗೊತ್ತಿರಲಿಲ್ಲ. ಅವಳನ್ನು ಅರಿಯದವರು ಮನೆಯಲ್ಲಿ ಇರಲೂ ಇಲ್ಲ. ಸಾಮಿ ಮೂಲೆಯ ಬಿದಿರು ಪೆಟ್ಟಿಗೆಯಲ್ಲಿ ಅವಳ ಸೀರೆ ಇತ್ತು. ಪ್ರತಿ ವರ್ಷ ಸಂಕ್ರಾಂತಿಗೆ ಹುಟ್ಟುವ ತೈ ತಿಂಗಳಲ್ಲಿ ಮನೆಯ ಗಂಡಸು ಒಂಬತ್ತು ಮೊಳದ ಸೀರೆಯೊಂದನ್ನು ಅವಳಿಗೆಂದೇ ನೇಯಬೇಕು; ಅದಕ್ಕೆ ಸೆರಗು ಇರಬಾರದು; ಎಡ ಅಂಚಿನಲ್ಲಿ ಮಗ್ಗದ ಹಣಿಗೆಯ ಏಳನೆಯ ಹಲ್ಲಿನ ಎರಡು ಎಳೆಗಳನ್ನು ಕತ್ತರಿಸಿ ತೆಗೆದು, ಆ ಹಲ್ಲನ್ನು ಖಾಲಿ ಬಿಟ್ಟು ನೇಯಬೇಕು. ಬೆಳಕಿಗೆ ಹಿಡಿದರೆ ಅಂಚಿನುದ್ದಕ್ಕೂ ಬೈತಲೆಯಂಥ ಒಂದು ಗೆರೆ ಕಾಣುತ್ತದೆ. "ಅದು ಅವಳು ಬಂದು ಹೋಗೋ ದಾರಿ" ಎಂದು ಅಪ್ಪ ಹೇಳಿಕೊಟ್ಟಿದ್ದ, ಅಪ್ಪನಿಗೆ ಅವನ ಅಪ್ಪ. ಹೊಸ ಸೀರೆ ಪೆಟ್ಟಿಗೆಗೆ, ಹಳೆಯದು ಮನೆಯ ಹೆಣ್ಣುಮಗಳಿಗೆ. ಮಗಳು ಕಲಾ ದೊಡ್ಡವಳಾದಾಗಿನಿಂದ ಅದನ್ನೇ ದಾವಣಿಯಾಗಿ ಉಡುತ್ತ ಬಂದಿದ್ದಳು. ಬೇರೆ ನೇಕಾರರ ಕಣ್ಣಿಗೆ ಅದು ತಪ್ಪು ನೇಯ್ಗೆ. ಅವನ ಮನೆಯವರಿಗೆ ಆ ಗೆರೆ ಕಾಣುವುದೇ ನಿಂತುಹೋಗಿತ್ತು.

"ಕನ್ನಿ ಅಂತ ಬರಿ" ಎಂದಳು ಚಿನ್ನತಾಯಿ ಅತ್ತೆ, ರಾಟೆಯ ಪಕ್ಕದಲ್ಲಿ ಕಾಲು ಚಾಚಿ. ಅಪ್ಪನ ಅಕ್ಕ, ಎಪ್ಪತ್ತೈದು ದಾಟಿ ಕಣ್ಣಿಗೆ ಪೊರೆ ಬಂದಿತ್ತು, ನಾಲಿಗೆಗೆ ಬಂದಿರಲಿಲ್ಲ. "ಮದುವೆ ಆಗದೆ ಹೋದೋಳಿಗೆ ಹೆಸರು ಯಾಕೆ? ಹೆಸರು ಕರೆದರೆ ತಿರುಗಿ ನೋಡ್ತಾಳೆ."

"ಸಂಘದೋರು ಕನ್ನಿ ಅಂತ ಒಪ್ಪಲ್ಲ ಅತ್ತೆ. ಹೆಸರು ಬೇಕಂತಾರೆ."

"ಹಾಗಾದ್ರೆ ಸಂಘದೋರೇ ಬಂದು ಸೀರೆ ನೇಯಲಿ."

ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದ ಕಲಾ ನಕ್ಕಳು. ಇಪ್ಪತ್ತನಾಲ್ಕು ತುಂಬಿದ ಆ ನಗುವನ್ನು ಕೇಳಿದಾಗೆಲ್ಲ ವೆಲ್ಲಿಂಗಿರಿಗೆ ಎದೆಯೊಳಗೆ ಒಂದು ಎಳೆ ಕಿತ್ತಂತಾಗುತ್ತಿತ್ತು. ಮೂರು ಕಡೆಯವರು ಬಂದು ಬಜ್ಜಿ ತಿಂದು ಹೋಗಿದ್ದರು. ತಾಯಿಯಿಲ್ಲದ ಹುಡುಗಿ ಎಂದವರು ಒಬ್ಬರು, ಕೈಮಗ್ಗದ ಮನೆ ಎಂದವರು ಇನ್ನೊಬ್ಬರು. ಮೂರನೆಯವರು ಏನೂ ಅನ್ನದೆ, ದಾರಿಯಲ್ಲಿ ಕಂಡರೆ ಸೈಕಲ್ ತಿರುಗಿಸಿಕೊಂಡು ಹೋಗುತ್ತಿದ್ದರು. ಈಗ ಅನ್ನೂರಿನವರು ತಾವಾಗಿಯೇ ಹುಡುಕಿಕೊಂಡು ಬಂದಿದ್ದರು. ಯಾವುದೋ ಮದುವೆಯಲ್ಲಿ ನಾಚಿಯಮ್ಮ ಎಂಬ ಹೆಂಗಸು ಕಲಾಳ ಕೈ ಹಿಡಿದು, ಪಕ್ಕದಲ್ಲಿ ಕೂರಿಸಿಕೊಂಡು, ದಾವಣಿಯ ಅಂಚನ್ನು ಎರಡು ಬೆರಳಲ್ಲಿ ಬಹಳ ಹೊತ್ತು ಉಜ್ಜುತ್ತ, ಯಾರ ಮಗಳೆಂದು ಕೇಳಿದಳಂತೆ. ಮಗ ರಾಜೇಂದ್ರನ್ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಕಟಿಂಗ್ ಮಾಸ್ಟರ್. ವಾರವೆಲ್ಲ ಅಲ್ಲೇ, ಭಾನುವಾರ ಮನೆಗೆ. ಚಿನ್ನ ಬೇಡ, ಪಾತ್ರೆ ಬೇಡ. ಇಷ್ಟು ಒಳ್ಳೆಯದು ತನ್ನ ಬಾಗಿಲಿಗೆ ಯಾಕೆ ಬಂತು ಎಂಬ ಪ್ರಶ್ನೆಯನ್ನು ಅವನು ಬೇಕೆಂದೇ ಕೇಳಿಕೊಂಡಿರಲಿಲ್ಲ. ಲಗ್ನಪತ್ರಿಕೆ ಅಚ್ಚಿಗೆ ಕೊಡುವ ಮುಂಚೆ ಒಂದು ಮಾತಿದೆ, ಒಬ್ಬರೇ ಬನ್ನಿ ಎಂದು ನಾಚಿಯಮ್ಮ ಹೇಳಿಕಳಿಸಿದ್ದಕ್ಕೆ ಇವತ್ತು ಹೊರಟಿದ್ದ.

ಮೆಟ್ಟುಪಾಳ್ಯದಲ್ಲಿ ಬಸ್ಸು ಬದಲಿಸಿ ಕಿಟಕಿ ಪಕ್ಕ ಕೂತ. ಪಂಗುನಿಯ ಬಿಸಿಲಿಗೆ ಬೆಟ್ಟ ಹೊಗೆಯಂತೆ ಕಂಡಿತು. ಬೆಟ್ಟದ ರೈಲಿನಿಂದಿಳಿದ ಯಾರೋ ಕಂಬಳಿ ಹೊದ್ದುಕೊಂಡೇ ಬಸ್ಸು ಹತ್ತಿ, ಜನ ನಗುವುದನ್ನು ನೋಡಿ ನಾಚಿ ಅದನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡ. ಕಂಬದಿಂದ ಬಿಡಿಸಿ ತಂದ ಫಾರಂ ಕಿಸೆಯೊಳಗೆ ಬೆವರಿಗೆ ಮೆತ್ತಗಾಗುತ್ತಿತ್ತು. ನಿನ್ನೆ ನೇಕಾರರ ಸೊಸೈಟಿಗೆ ಹೋಗಿ ಬಂದಾಗ ದೀಪ ಹಚ್ಚಿಯಾಗಿತ್ತು. ಸ್ವಂತ ಮನೆಯ ಮುಂದೆ ನಿಂತು, "ಕಲಾ" ಎಂದು ಮೂರು ಸಲ ಕೂಗಬೇಕಾಯಿತು. ಅದೂ ಆ ಮನೆಯ ಕಟ್ಟಳೆ. ದೀಪ ಹಚ್ಚಿದ ಮೇಲೆ ಮೂರನೆಯ ಕರೆಗೇ ಬಾಗಿಲು. ಗಾಳಿ ಗೀಳಿಯಾದರೆ ಒಂದೇ ಸಲ ಕರೆಯುತ್ತದೆ, ಹೆಚ್ಚೆಂದರೆ ಎರಡು. ಎದುರುಮನೆಯ ವೇಲುಸಾಮಿ, "ಏನು ಮಾಮಾ, ಇವತ್ತೂ ಹಾಜರಿ ಕೂಗ್ತಿದೀರಾ?" ಎಂದು ಕಿಚಾಯಿಸಿದ್ದ. ಒಳಗೆ ಕಲಾಳ ಬಳೆ ಬಾಗಿಲ ಹತ್ತಿರವೇ ಸದ್ದು ಮಾಡಿದ್ದೂ, ಅತ್ತೆ ತಣ್ಣಗೆ "ಒಂದು" ಎಂದು ಎಣಿಸಿದ್ದೂ ಕೇಳಿತ್ತು. ಒಳಗಿದ್ದವರಿಗೆ ಹೊರಗಿರುವವನು ಯಾರೆಂದು ಗೊತ್ತಿರುತ್ತದೆ. ಆದರೂ ಎಣಿಸುತ್ತಾರೆ. ಬಸ್ಸು ಕುಲುಕಿದಾಗ ಆ ವಿಷಯ ಅವನಿಗೆ ಮೊದಲ ಸಲ ವಿಚಿತ್ರವಾಗಿ ಕಂಡಿತು.

ಅನ್ನೂರಿನ ಆ ಬೀದಿಯಲ್ಲಿ ಪವರ್‌ಲೂಮಿನ ಸದ್ದು ನೆಲದಿಂದ ಅಂಗಾಲಿಗೆ ಏರುತ್ತಿತ್ತು. ನಾಚಿಯಮ್ಮನ ಮನೆ ಮಾತ್ರ ತೊಳೆದಿಟ್ಟ ಪಾತ್ರೆಯ ಹಾಗೆ ತಣ್ಣಗೆ, ಸದ್ದಿಲ್ಲದೆ ಇತ್ತು. ಹಿಂದೆ ಎರಡು ಮಗ್ಗ ನಡೆದ ಮನೆಯಂತೆ. ನೇಯುವವನು ಕಾಲು ಇಳಿಬಿಡುವ ಗುಂಡಿಗಳನ್ನು ಕಲ್ಲು ಹಾಸಿ ಮುಚ್ಚಿದ ಗುರುತು ನೆಲದಲ್ಲಿ ಕಾಣುತ್ತಿತ್ತು. ಅವಳು ಮಜ್ಜಿಗೆ ತಂದುಕೊಟ್ಟಳು. ದೊಡ್ಡ ಮೈಯ, ಸಣ್ಣ ದನಿಯ ಹೆಂಗಸು. ಗೋಡೆಯಲ್ಲಿ ಹಾರ ಹಾಕಿದ ಒಂದು ಪಟ. ಪಟದೊಳಗಿನ ಹುಡುಗಿಗೆ ಕಲಾಗಿಂತ ಕಡಿಮೆ ವಯಸ್ಸು.

"ದೊಡ್ಡ ಸೊಸೆ" ಎಂದಳು ನಾಚಿಯಮ್ಮ, ಅವನ ಕಣ್ಣು ಎಲ್ಲಿದೆಯೆಂದು ನೋಡಿ. "ಬಾವಿ ಕಟ್ಟೇಲಿ ಕಾಲು ಜಾರ್ತು. ಮೂರೇ ತಿಂಗಳು ಇದ್ದಳು ಪಾಪ. ಆಮೇಲೆ ದೊಡ್ಡೋನು ಈ ಮನೆ ಕಡೆ ಬರೋದೇ ಬಿಟ್ಟ."

"ಅಯ್ಯೋ ಸಾಮಿ."

"ಅವರ ಕಡೆಯೋರು ನೇಯೋರಲ್ಲ ಅಣ್ಣಾ. ಅಂಗಡಿ ಸೀರೆ ತಂದರು."

ಇದಕ್ಕೂ ಅದಕ್ಕೂ ಏನು ಸಂಬಂಧವೆಂದು ಅವನು ಕೇಳುವ ಮೊದಲೇ ಅವಳು ಎದ್ದು ಒಳಮನೆಯಿಂದ ಒಂದು ಬಿದಿರು ಪೆಟ್ಟಿಗೆ ತಂದು ಮುಂದಿಟ್ಟಳು. ಅದೇ ಅಳತೆ, ಅದೇ ಹೆಣಿಗೆ. ಮುಚ್ಚಳ ತೆಗೆದಾಗ ಕರ್ಪೂರದ ಜೊತೆ ಹಳೆಯ ಹತ್ತಿಯ ಹುಳಿ ವಾಸನೆ ಬಂತು. ಬಟ್ಟೆ ಒಂಬತ್ತು ಮೊಳ ಇರಬಹುದು. ಒಂದು ತುದಿಯಲ್ಲಿ ಅಗಲವಾದ ಸೆರಗು. ಇನ್ನೊಂದು ತುದಿಗೆ ಕೊನೆಯೇ ಇಲ್ಲ, ನಡುವೆ ಹರಿದಂತೆ ಎಳೆಗಳು ಜೋತಿದ್ದವು. ಕೈ ತಾನಾಗಿಯೇ ಅಂಚನ್ನು ಹಿಡಿದು ಬೆಳಕಿಗೆ ಎತ್ತಿತು. ಎಡದಿಂದ ಏಳನೆಯ ಹಲ್ಲು. ಬೈತಲೆಯಂಥ ಗೆರೆ. ಎಷ್ಟೋ ವರ್ಷ ಕಾಣದಿದ್ದ ಗೆರೆ, ಪರರ ಮನೆಯಲ್ಲಿ, ಪರರ ಬಟ್ಟೆಯಲ್ಲಿ, ಕಣ್ಣಿಗೆ ಸೂಜಿಯಂತೆ ಚುಚ್ಚಿತು. ಮಜ್ಜಿಗೆಯ ಲೋಟವನ್ನು ಪಕ್ಕಕ್ಕೆ ಸರಿಸಿದ.

"ನಿಮ್ಮ ಪೆಟ್ಟಿಗೇಲಿರೋದು ಒಡಲು. ನಮ್ಮದು ಸೆರಗು" ಎಂದಳು ಅವಳು. "ನಾವೂ ವರ್ಷವರ್ಷ ನೇಯಿಸಿಡ್ತೀವಿ. ಅರ್ಧ ಸೀರೆ ಉಟ್ಟೋಳು ಎಷ್ಟು ದಿನ ಸುಮ್ಮನಿರ್ತಾಳೆ ಅಣ್ಣಾ? ನಮಗೆ ಬೇರೆ ಏನೂ ಬ್ಯಾಡ. ಹದಿನೆಂಟು ಮೊಳ, ಒಡಲು ಸೆರಗು ಒಂದೇ ಹಾಸಿನಲ್ಲಿ, ನಿಮ್ಮ ಕೈಯಾರೆ ನೇದು, ಮಗಳ ಜೊತೆ ಕಳಿಸಿ. ತಪ್ಪಿರಬಾರದು. ಒಂದು ಎಳೆಯೂ."

"ಯಾರಕ್ಕಾ ಅವಳು?"

"ನಿಮ್ಮ ಅತ್ತೆನ ಕೇಳಿ. ಕೊಟ್ಟೋರು ನೀವು. ತಗೊಂಡೋರು ನಾವು ಹೇಳಬಾರದು."

ವಾಪಸು ಬರುವಾಗ ಬಸ್ಸಿನಲ್ಲಿ ಅವನು ಎರಡು ಲೆಕ್ಕ ಹಾಕಿದ. ಸಾವು ಬರೆದಿದ್ದವಳು ಕಟ್ಟೆ ಜಾರದಿದ್ದರೂ ಸಾಯುತ್ತಾಳೆ. ಎಲ್ಲ ಮನೆಯಲ್ಲೂ ಒಂದು ಪಟ ಇದ್ದೇ ಇರುತ್ತದೆ. ಇದು ಒಂದು. ಅಂಗಡಿ ಸೀರೆಗೂ ಆ ಸಾವಿಗೂ ನಂಟು ಹಾಕುವ ಇನ್ನೊಂದು ಲೆಕ್ಕಕ್ಕೆ ಹೊರಟಾಗಲೆಲ್ಲ ಮನಸ್ಸು ಕಿಟಕಿಯಾಚೆ ನೋಡಿತು. ರಸ್ತೆ ಬದಿಯ ಹಳೆಯ ಬಾವಿಗಳು ಒಂದಾದ ಮೇಲೊಂದು ಹಿಂದೆ ಸರಿದವು. ನಡೆದು ಬಂದರೆ ಒಂದು ದಿನದ ದಾರಿ ಎಂದು ಯಾಕೋ ಅನಿಸಿತು.

ಕಲಾ ನೀರಿಗೆ ಹೋದ ಹೊತ್ತು ನೋಡಿ ಅತ್ತೆಯ ಮುಂದೆ ಕೂತು, ಕಂಡದ್ದನ್ನು ಹೇಳಿದ. ಅವಳು ಎಲೆಯಡಿಕೆ ಕುಟ್ಟುವುದನ್ನು ನಿಲ್ಲಿಸಲಿಲ್ಲ. ಕುಟ್ಟುತ್ತಲೇ, ನಿನ್ನೆ ಮೊನ್ನೆಯ ಪಕ್ಕದ ಮನೆಯ ಸುದ್ದಿಯೆಂಬಂತೆ ಶುರುಮಾಡಿದಳು.

"ಕನ್ನಿ ಅಲ್ಲ. ಮದುವೆಯಾಗಿತ್ತು. ನನ್ನ ಅಜ್ಜನ ತಂಗಿ. ಅನ್ನೂರಿಗೆ ಕೊಟ್ಟಿದ್ದರು. ಅವಳಪ್ಪ ಮುಹೂರ್ತದ ಸೀರೆ ತಾನೇ ನೇದ. ಅವಸರದಲ್ಲಿ ಅಂಚಿನ ಒಂದು ಹಲ್ಲು ಬಿಟ್ಟುಹೋಗಿತ್ತು. ಅತ್ತೆ ಮನೆಯೋರೂ ನೇಯೋರೇ, ತಿಂಗಳಾದ ಮೇಲೆ ಬಿಸಿಲಿಗೆ ಹಾಕಿದಾಗ ಕಂಡುಬಿಟ್ಟಿತು. ಊರಿಗೆಲ್ಲ ನೇಯೋನಿಗೆ ಮಗಳಿಗೆ ನೇಯೋಕೆ ಬರಲಿಲ್ವಾ, ಇದು ಸೀರೆಯಲ್ಲ ಸೂತಕ, ಹೋಗಿ ಬೇರೆ ತಗೊಂಡೇ ಬಾ ಅಂತ ಕಳಿಸಿದರು. ನಡಕೊಂಡು ಬಂದಳು. ದೀಪ ಹಚ್ಚಿದ ಹೊತ್ತು."

"ಆಮೇಲೆ?"

"ಆಮೇಲೇನು. ಆಷಾಢ ಬಂದು, ಆಡಿಗೆ ಅಂತ ತವರಿನೋರೇ ಹೋಗಿ ಕರೆಯೋ ಮುಂಚೆ ಹೊಸ ಮದುವಣಗಿತ್ತಿ ತವರಿಗೆ ಬರಬಾರದಲ್ಲ. ಅದೂ ಒಬ್ಬಳೇ, ಅದೂ ಅಪ್ಪ ನೇದದ್ದು ತಪ್ಪು ಅಂತ ಹೇಳಿಕೊಂಡು. ಜಗುಲಿಯಿಂದಲೇ ಎಲ್ಲ ಕೂಗಿ ಹೇಳಿದಳಂತೆ, ಬೀದಿ ಕೇಳೋ ಹಾಗೆ. ಅಪ್ಪನಿಗೆ ಮಾನ ಹೋಯ್ತು. ಬಾಗಿಲು ತೆಗೀಬ್ಯಾಡಿ ಅಂದ. ಅಪ್ಪಾ ಅಂತ ಕರೆದಳು. ಇನ್ನೊಂದು ಸಲ ಕರೆದಳು. ನಮ್ಮಜ್ಜಿ ಒಳಗೆ ಅಗುಳಿ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳಂತೆ, ಇನ್ನೊಂದು ಸಲ ಕರೆದರೆ ತೆಗೆಯೋಣ ಅಂತ. ಕರೀಲಿಲ್ಲ."

ಒರಳಿನೊಳಗೆ ಕುಟ್ಟಾಣಿಯ ಸದ್ದು.

"ಮಾರನೆ ದಿನ ದಾರಿ ಬಾವೀಲಿ ಸಿಕ್ಕಳು. ಹೆಣ ನಿಮ್ಮದು ಅಂತ ಇವರು, ನಿಮ್ಮದು ಅಂತ ಅವರು. ಯಾರೂ ಮನೆಗೆ ತರಲಿಲ್ಲ, ಅಲ್ಲೇ ಮಣ್ಣು ಮಾಡಿದರು. ಪಂಚಾಯಿತಿಯೋರು ಸೀರೆ ಹರಿದು ಸೆರಗು ಅವರಿಗೆ, ಒಡಲು ನಮಗೆ ಅಂದರು. ಸಾಮಿ ಮಾಡಿ ಕೂರಿಸಿಕೊಂಡರೆ ಸುಮ್ಮನಾಗ್ತಾಳೆ ಅಂತ."

"ಹಾಗಾದ್ರೆ ಮೂರು ಕರೆಯೋದು..."

"ಗಾಳಿಗೆ ಅಂತ ನಿನಗೆ ಹೇಳಿದೆವು." ಅವಳು ಪೊರೆ ಬಂದ ಕಣ್ಣನ್ನು ಅವನ ಕಡೆ ತಿರುಗಿಸಿದಳು. "ಮಗಾ, ಅವಳು ಸರಿಯಾಗಿ ಕರೀಲಿಲ್ಲ ಅಂತ ನಾವು ನಾವೇ ಹೇಳಿಕೊಳ್ಳೋದಕ್ಕೆ ಆ ಕಟ್ಟಳೆ. ಮೂರು ಸಲ ಕರೆದಿದ್ದರೆ ತೆಗೀತಿದ್ದೆವು, ಅಷ್ಟೇ."

"ಹೆಸರು?"

ಅವಳು ಎಲೆಯಡಿಕೆಯನ್ನು ದವಡೆಗೆ ಒತ್ತಿದ ಮೇಲೆ, "ಜಾನಮ್ಮ" ಎಂದಳು. ಹೇಳಿ ಬಾಗಿಲ ಕಡೆ ಕಿವಿಗೊಟ್ಟಳು.

ಆಗಲೇ ಮದುವೆ ನಿಲ್ಲಿಸಬಹುದಿತ್ತು. ಆಮೇಲೆ ಎಷ್ಟೋ ಸಲ ಆ ಹೊತ್ತನ್ನು ತಿರುವಿ ಹಾಕಿ ನೋಡಿದ್ದಾನೆ. ಬಿಂದಿಗೆ ಸೊಂಟದಲ್ಲಿಟ್ಟು ಬಂದ ಕಲಾ, "ಏನು ಹೇಳಿದರಪ್ಪಾ?" ಎಂದು ಕೇಳಿ, ಉತ್ತರ ಬೇಡವೆಂಬಂತೆ ಹಂಡೆಗೆ ನೀರು ಸುರಿದಳು, ಸುರಿಯುವ ಆ ಬೆನ್ನೆಲ್ಲ ಕಿವಿಯಾಗಿತ್ತು. ಸೈಕಲ್ ತಿರುಗಿಸಿಕೊಂಡು ಹೋಗುವವರ ನೆನಪಾಯಿತು. ಅಂಗಪ್ಪನ್ ಜಗುಲಿಯಲ್ಲಿ ಕೂತು, "ಅನ್ನೂರಿನದೂ ತಪ್ಪಿತಂತೆ" ಎನ್ನುವುದು ಕಿವಿಗೆ ಬಿತ್ತು, ಅಂಗಪ್ಪನ್ ಇನ್ನೂ ಅಂದಿರಲಿಲ್ಲ. "ಒಂದು ಸೀರೆ ನೇದುಕೊಡಬೇಕಂತೆ" ಎಂದ ವೆಲ್ಲಿಂಗಿರಿ. "ಅಷ್ಟೇನಾ?" ಎಂದಳು ಕಲಾ, ಮುಖ ತುಂಬ ನಕ್ಕು. ಅಷ್ಟೇ. ಒಂದು ಸೀರೆಗಾಗಿ ಹೊರಟ ಜಾನಮ್ಮ ಬರಿಗೈಯಲ್ಲಿ ಸತ್ತಳು. ಆ ಸೀರೆಯನ್ನು ಕೊಟ್ಟುಬಿಟ್ಟರೆ ಮುಗಿಯಿತು. ತಪ್ಪಿಲ್ಲದ ಸೀರೆ. ತಾನು ನೇಯುವುದರಲ್ಲಿ ತಪ್ಪು ಹುಡುಕಿದವರು ಸೊಸೈಟಿಯಲ್ಲಿ ಇವತ್ತಿನವರೆಗೆ ಯಾರಿದ್ದಾರೆ? ಹೀಗೆ ಹೇಳಿಕೊಂಡಾಗ ಎದೆ ಹಗುರಾಯಿತು, ಮತ್ತು ಹಗುರಾದದ್ದಕ್ಕೇ ಭಯವಾಯಿತು.

ಒಂದು ಮಂಗಳವಾರ ಕರ್ಪೂರ ಹಚ್ಚಿ, ಹಾಸಿನ ಎಳೆಗಳಿಗೆ ಕೈಮುಗಿದು, ಯಾವಾಗಲೂ ಮಾಡುವ ಪೂಜೆಯನ್ನೆಲ್ಲ ಮಾಡಿ ಗುಂಡಿಗೆ ಇಳಿದ. ಮೆರೂನ್ ಒಡಲು, ಕಪ್ಪು ಅಂಚು. ಲಾಳಿ ಆಚೆಯಿಂದ ಈಚೆಗೆ ಓಡುವಾಗ ಜಾನಮ್ಮನೂ ಓಡುತ್ತಿದ್ದಳು, ಅನ್ನೂರಿನಿಂದ ಸಿರುಮುಗೈಗೆ, ಸಿರುಮುಗೈಯಿಂದ ಅನ್ನೂರಿಗೆ. ಕಾಲಡಿಯ ಗುಂಡಿಯಲ್ಲಿ ತಂಪು ಮಣ್ಣಿನ ವಾಸನೆ. ಇದೇ ಗುಂಡಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಆ ಅಪ್ಪನೂ ಕೂತಿದ್ದಿರಬೇಕು. ಬಾಗಿಲು ಇಲ್ಲಿಂದ ನಾಲ್ಕೇ ಹೆಜ್ಜೆ. ಎರಡು ವಾರ ಹಿಡಿಯಿತು. ಒಂದೊಂದು ಗೇಣನ್ನೂ ಕಣ್ಣಿಗೆ ಹತ್ತಿರ ಹಿಡಿದು ನೋಡಿದ. ಎಲ್ಲ ಯಾವತ್ತಿನ ಹಾಗೆ ಕಂಡಿತು, ಕಣ್ಣಿಗೆ ಅಭ್ಯಾಸವಾದ ಹಾಗೆ. ಕೊಯ್ದು ಇಳಿಸಿದ ದಿನ ಅತ್ತೆ ಸೀರೆಯನ್ನು ಮಡಿಲಿಗೆಳೆದುಕೊಂಡು, ಅಂಚಿನುದ್ದಕ್ಕೂ ಹೆಬ್ಬೆರಳು ಓಡಿಸಿದಳು. ಮಾರುದ್ದ ಹೋಗಿ, ತಿರುಗಿ ಬಂದು, "ಸರಿಯಾಗಿದೆ" ಎಂದಳು. "ಯಾವಾಗಲೂ ಇರೋ ಹಾಗೇ ಇದೆ."

ವೈಕಾಸಿಯಲ್ಲಿ ಮದುವೆ ಮುಗಿಯಿತು. ನಾಚಿಯಮ್ಮ ಸೀರೆಯನ್ನು ಎರಡೂ ಕೈಯಲ್ಲಿ ತಗೊಂಡು ಕಣ್ಣಿಗೊತ್ತಿಕೊಂಡಳು, ಬಿಚ್ಚಲಿಲ್ಲ. ಫಾರಂನ ಏಳನೆಯ ಸಾಲಿನಲ್ಲಿ ಅವನು ಮೊದಲು, ಜಾನಮ್ಮ, ಕೊಟ್ಟ ಊರು ಅನ್ನೂರು ಎಂದು ಬರೆದ. ಕೆಳಗೆ, ಕಲಾ, ಕೊಟ್ಟ ಊರು ಅನ್ನೂರು ಎಂದು ಬರೆದ. ಎರಡು ಹೆಸರು ಒಂದರ ಕೆಳಗೊಂದು ನಿಂತ ರೀತಿ ಸರಿಬೀಳದೆ ಫಾರಂ ಅನ್ನು ಮತ್ತೆ ಕಂಬಕ್ಕೆ ಸಿಕ್ಕಿಸಿದ.

ಆನಿ ತಿಂಗಳು ಮುಗಿದು ಆಡಿ ಹುಟ್ಟಲು ಎಂಟು ದಿನವಿತ್ತು. ಆಡಿ ಹುಟ್ಟಿದ ಕೂಡಲೇ ಹೋಗಿ ಮಗಳನ್ನು ಕರೆತರುವುದೆಂದು ಹಗಲೆಲ್ಲ ಲೆಕ್ಕ ಹಾಕುತ್ತ ನೇಯುತ್ತಿದ್ದ. ಸಂಜೆಯಾಯಿತು. ಅತ್ತೆ ದೀಪ ಹಚ್ಚಿ, ಬಾಗಿಲು ಮುಂದೆ ಮಾಡಿ, ಅಗುಳಿ ಹಾಕಿ ಬಂದು ಕೂತಳು. ಮುಂದಿನ ವಾರಕ್ಕೆ ಮುಗಿಯಬೇಕಾದ ಸೀರೆ ಮಗ್ಗದ ಮೇಲಿತ್ತು.

"ಅಪ್ಪಾ."

ಲಾಳಿ ಹಾಸಿನ ನಡುವೆ ನಿಂತಿತು. ದನಿ ಜಗುಲಿಯಿಂದ ಬಂದಿತ್ತು. ದೂರ ನಡೆದು ಬಂದವರ ದನಿ.

"ಒಂದು" ಎಂದಳು ಅತ್ತೆ.

ಗುಂಡಿಯಿಂದ ಏಳುವವನು ಪಕ್ಕಕ್ಕೆ ಸರಿದು, ಮಗ್ಗ ಸುತ್ತಿ ಬರಬೇಕು. ಬಾಲ್ಯದಿಂದ ಹಾಗೆಯೇ ಎದ್ದವನು. ಹಾಗೆ ಎದ್ದರೆ ಎರಡನೆಯ ಕರೆ ಬಂದುಬಿಡುತ್ತದೆ, ಅಥವಾ ಬಾರದೆಯೇ ಹೋಗುತ್ತದೆ. ವೆಲ್ಲಿಂಗಿರಿ ನೇರ ಎದ್ದ. ಎದೆಗೆ ಅಡ್ಡ ಬಂದ ಹಾಸು ಪಟಪಟನೆ ಹರಿಯಿತು. ತೋಳಿಗೆ, ಕುತ್ತಿಗೆಗೆ ಎಳೆ ಸುತ್ತಿಕೊಂಡೇ ನಾಲ್ಕು ಹೆಜ್ಜೆ ದಾಟಿ ಅಗುಳಿ ತೆಗೆದ. ಹಿಂದೆ ಅತ್ತೆ, "ಅಯ್ಯೋ, ಮಗ್ಗ" ಎಂದಳು.

ಕಲಾ ಜಗುಲಿಯ ಕಂಬ ಹಿಡಿದು ನಿಂತಿದ್ದಳು. ಕಾಲಿಗೆ ಮೊಣಕಾಲವರೆಗೆ ಕೆಂಪು ಧೂಳು. ಕಂಕುಳಲ್ಲಿ ಮಡಚಿದ ಮೆರೂನ್ ಸೀರೆ. ಎದುರುಮನೆಯ ವೇಲುಸಾಮಿ ನೋಡುತ್ತಿದ್ದವನು ಒಳಗೆ ಹೋದ.

"ಪೆಟ್ಟಿಗೇಲಿ ಇಡೋಕೆ ಇವತ್ತು ಬೆಳಿಗ್ಗೆ ಬಿಚ್ಚಿದರಪ್ಪಾ" ಎಂದಳು, ಅಳದೆ, ಯಾರದೋ ಮಾತನ್ನು ಒಪ್ಪಿಸುವ ಹಾಗೆ. "ತಪ್ಪಿದೆಯಂತೆ. ಬೇರೆ ತಗೊಂಡೇ ಬಾ ಅಂದರು. ಬಸ್ಸಿಗೂ ಕೊಡಲಿಲ್ಲ."

"ಏನು ತಪ್ಪು?"

ಅವಳು ಸೀರೆ ಚಾಚಿದಳು. ಅವನು ಅದನ್ನು ಒಳಗಿನ ದೀಪದ ಕಡೆಗೆ ಎತ್ತಿ ಹಿಡಿದ. ಕಪ್ಪು ಅಂಚಿನಲ್ಲಿ, ಎಡದಿಂದ ಏಳನೆಯ ಹಲ್ಲಿನಲ್ಲಿ, ಬೆಳಕು ಒಂದು ಕೂದಲೆಳೆಯಾಗಿ ಈ ತುದಿಯಿಂದ ಆ ತುದಿಯವರೆಗೆ ತೂರಿ ಬರುತ್ತಿತ್ತು. ನೇದಾದ ಮೇಲೆ ಯಾರೂ ಕಿತ್ತದ್ದಲ್ಲ, ಕಿತ್ತ ಎಳೆಯ ಗುರುತು ನೇಕಾರನಿಗೆ ಗೊತ್ತಾಗುತ್ತದೆ. ಮಂಗಳವಾರದ ಕರ್ಪೂರ, ಕೈಮುಗಿದದ್ದು, ಆಮೇಲೆ ಕೈ ಚಾಕು ತಗೊಂಡು ತನ್ನಷ್ಟಕ್ಕೆ ಎರಡು ಎಳೆ ಎಣಿಸಿ ಕೊಯ್ದದ್ದು, ಬಟ್ಟೆಗಿಂತ ಸ್ಪಷ್ಟವಾಗಿ ಈಗ ಕಂಡಿತು. ಇಪ್ಪತ್ತೇಳು ತೈ ತಿಂಗಳು ಕಲಿತ ಕೈ.

"ಬಾ ಒಳಗೆ" ಎಂದ. ಅವಳು ಹೊಸ್ತಿಲಲ್ಲಿ ನಿಂತು ಅತ್ತೆಯ ಕಡೆ ನೋಡಿದಳು. "ಆಡಿ ಇನ್ನೂ ಹುಟ್ಟಿಲ್ಲ. ಅಜ್ಜಿ..."

"ಬಾ ನನ್ನ ಕಣ್ಣೇ. ನೀನು ತಿರುಗಿ ಹೋಗೋದಿಲ್ಲ. ಸೀರೆಯೂ ಹೋಗೋದಿಲ್ಲ."

ಅವಳು ಒಳಗೆ ಬಂದು, ಹರಿದ ಮಗ್ಗವನ್ನು ನೋಡಿ, ಗೋಡೆಗೆ ಒರಗಿ ಕೂತಳು. ಆಗ ಅಳು ಬಂತು. ಅತ್ತೆ ಕತ್ತಲಲ್ಲಿ ಕೈಚಾಚಿ ಅವಳ ಪಾದ ಹುಡುಕಿ, ಧೂಳು ಒರೆಸುತ್ತ, "ವೆಲ್ಲಿಂಗಿರಿ, ಬಾಗಿಲು ಹಾಕು. ಬೀದಿ ನೋಡ್ತಾ ಇದೆ" ಎಂದಳು.

"ನೋಡಲಿ."

"ಹಾಕು ಮಗಾ. ಹೊತ್ತು ಮುಳುಗಿದೆ."

ಅವನು ಹೊಸ್ತಿಲ ಮೇಲೆ, ಬಾಗಿಲಿಗೆ ಅಡ್ಡವಾಗಿ ಕೂತ. ಕುತ್ತಿಗೆಗೆ ಸುತ್ತಿದ ಎಳೆಗಳನ್ನು ಬಿಡಿಸಿಕೊಳ್ಳಲಿಲ್ಲ. ಬೀದಿಯ ಕೊನೆಯಲ್ಲಿ, ನದಿಯ ಕಡೆ ತಿರುಗುವಲ್ಲಿ, ಯಾರೋ ನಡೆದು ಬರುತ್ತಿರುವಂತೆಯೂ ನಿಂತಿರುವಂತೆಯೂ ಕಾಣುತ್ತಿತ್ತು.

"ಇನ್ನೊಬ್ಬಳು ಬರಬೇಕು ಅತ್ತೆ" ಎಂದ.

ಒಳಗೆ ಅತ್ತೆಯ ಕೈ ಕಲಾಳ ಪಾದದ ಮೇಲೆ ನಿಂತುಹೋಯಿತು. ಅವಳು ಎಣಿಸಲಿಲ್ಲ.